ಪಾಸಾದರೆ ಸಾಕು ಎನ್ನುವವರಿಗೆ

ಪರೀಕ್ಷೆಗೆ ಹತ್ತು ದಿನ ಇರುವಾಗ ನಂಜನಗೂಡಿನ ಬಸ್ ಸ್ಟ್ಯಾಂಡ್ ಸುತ್ತಮುತ್ತಲ ಯಾವುದಾದರೂ ಜೆರಾಕ್ಸ್ ಅಂಗಡಿಯ ಮುಂದೆ ಒಂದು ಸಂಜೆ ನಿಂತು ನೋಡಿ. ಟಿ. ನರಸೀಪುರದಲ್ಲಿ ನಿಂತರೂ ಅದೇ. ಪಿಯುಸಿ ಕಾಮರ್ಸಿನವರು, ಬಿ.ಕಾಂ.ನವರು, ಬಿಸಿಎಯವರು ಗುಂಪುಗುಂಪಾಗಿ ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ: 'ಅಣ್ಣಾ, ಮ್ಯಾಥ್ಸ್ ಪಾಸಿಂಗ್ ಪ್ಯಾಕೇಜ್ ಇದೆಯಾ?' ಇರುತ್ತದೆ. ಯಾರೋ ಬರೆದ ನೋಟ್ಸಿನ ನಾಲ್ಕನೇ ಪ್ರತಿಯ ಪ್ರತಿ, ಅಕ್ಷರ ಅರ್ಧ ಅಳಿಸಿಹೋದದ್ದು. ಅದರಲ್ಲಿ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಯಿಂದ ಆರಿಸಿದ ಲೆಕ್ಕಗಳಿವೆ. ಮ್ಯಾಟ್ರಿಕ್ಸ್ ಒಂದು ಮಾಡ್ಕೊ, ಎಲ್‌ಪಿಪಿ ಗ್ರಾಫ್ ಒಂದು ಹಾಕು, ಉಳಿದದ್ದು ಚಾಯ್ಸಿನಲ್ಲಿ ಬಿಡು. ಆ ಪುಟಗಳನ್ನು ಮಡಿಚಿ ಜೇಬಿಗಿಟ್ಟುಕೊಂಡು ಹೊರಟ ಹುಡುಗನ ಮುಖದಲ್ಲಿ ಕೆಲಸ ಮುಗಿಯಿತು ಎಂಬ ನೆಮ್ಮದಿ ಇರುತ್ತದೆ. ಆ ನೆಮ್ಮದಿಯ ಮೇಲೆ ನನಗೆ ಸಿಟ್ಟಿದೆ. ಅದನ್ನು ಮುಚ್ಚಿಟ್ಟುಕೊಳ್ಳದೆ ಇಲ್ಲಿ ಬರೆಯುತ್ತಿದ್ದೇನೆ.

ಈ ವಿಷಯಕ್ಕೆ ಒಂದೊಂದು ಕೋರ್ಸಿನಲ್ಲಿ ಒಂದೊಂದು ಹೆಸರು. ಪಿಯುಸಿಯಲ್ಲಿ ಬೇಸಿಕ್ ಮ್ಯಾಥ್ಸ್, ಬಿ.ಕಾಂ.ನಲ್ಲಿ ಬಿಸಿನೆಸ್ ಮ್ಯಾಥ್ಸ್, ಬಿಸಿಎಯಲ್ಲಿ ಡಿಸ್ಕ್ರೀಟ್ ಮ್ಯಾಥ್ಸ್. ಒಳಗಿನ ಸರಕು ಒಂದೇ ಕುಟುಂಬದ್ದು: ಗಣಗಳು, ತರ್ಕ, ಮ್ಯಾಟ್ರಿಕ್ಸ್, ಕ್ರಮಯೋಜನೆ ಮತ್ತು ವಿಕಲ್ಪ, ಸಂಭವನೀಯತೆ, ಸರಳಬಡ್ಡಿ, ಚಕ್ರಬಡ್ಡಿ, ಆನ್ಯುಟಿ, ಬಿಲ್ ಡಿಸ್ಕೌಂಟಿಂಗ್, ಷೇರು, ಎಲ್‌ಪಿಪಿ ಅಂದರೆ ಲೀನಿಯರ್ ಪ್ರೋಗ್ರಾಮಿಂಗ್. ಬಡ್ಡಿ, ಕಂತುಗಳ ಭಾಗ ಕಾಮರ್ಸಿನವರಿಗೆ ಹೆಚ್ಚು. ತರ್ಕ, ಗಣಗಳ ಭಾಗ ಬಿಸಿಎಯವರಿಗೆ ಹೆಚ್ಚು. ಅಮೆರಿಕದ ಕಾಲೇಜುಗಳಲ್ಲಿ ಇದನ್ನೇ ಫೈನೈಟ್ ಮ್ಯಾಥಮ್ಯಾಟಿಕ್ಸ್ ಎನ್ನುತ್ತಾರೆ. 1957ರಲ್ಲಿ ಡಾರ್ಟ್‌ಮತ್ ಕಾಲೇಜಿನ ಜಾನ್ ಕೆಮೆನಿ, ಲಾರಿ ಸ್ನೆಲ್, ಜೆರಾಲ್ಡ್ ಥಾಮ್ಸನ್ ಎಂಬ ಮೂವರು ಈ ಹೆಸರಿನಲ್ಲಿ ಒಂದು ಪಠ್ಯಪುಸ್ತಕ ಬರೆದರು. ಎಂಜಿನಿಯರಿಂಗಿಗೆ, ಭೌತಶಾಸ್ತ್ರಕ್ಕೆ ಹೋಗದ ವಿದ್ಯಾರ್ಥಿಗೂ ಕೆಲಸಕ್ಕೆ ಬರುವ ಗಣಿತ ಬೇಕು, ಅದನ್ನು ಕ್ಯಾಲ್ಕುಲಸ್ ಇಲ್ಲದೆಯೂ ಕಲಿಸಬಹುದು ಎಂಬುದು ಅವರ ನಂಬಿಕೆ. ಅದೇ ಕೆಮೆನಿ ಮುಂದೆ 1964ರಲ್ಲಿ, ಸಾಮಾನ್ಯ ವಿದ್ಯಾರ್ಥಿಯೂ ಕಂಪ್ಯೂಟರ್ ಮುಟ್ಟಲಿ ಎಂದು ಥಾಮಸ್ ಕರ್ಟ್ಸ್ ಜೊತೆ ಸೇರಿ ಬೇಸಿಕ್ ಭಾಷೆಯನ್ನು ರೂಪಿಸಿದರು. ಗಣಿತ ನನ್ನದಲ್ಲ ಎಂದುಕೊಂಡವನನ್ನೇ ನೆನೆದು ಕಟ್ಟಿದ ಕೋರ್ಸು ಇದು.

ಕನ್ನಡಕ್ಕೆ ಇದು ಹೊಸದೂ ಅಲ್ಲ. ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ 13ನೇ ಶತಮಾನದಲ್ಲಿ ಕೇಶವನ ಗುಡಿ ಎದ್ದಿತು. ಅದಕ್ಕೂ ಮೊದಲೇ, 12ನೇ ಶತಮಾನದಲ್ಲಿ, ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರಗಣಿತ' ಬರೆದ. ಕೊಡು-ಕೊಳ್ಳುವ ಲೆಕ್ಕವನ್ನು ತನ್ನ ಜನರ ಮಾತಿನಲ್ಲಿ ಹೇಳಬೇಕು ಎಂದು ಎಂಟುನೂರು ವರ್ಷಕ್ಕೂ ಹಿಂದೆ ಒಬ್ಬನಿಗೆ ಅನ್ನಿಸಿತ್ತು. ಇವತ್ತು ಅದೇ ಲೆಕ್ಕವನ್ನು ಸರ್ಕಾರ ಪುಸ್ತಕ ಕೊಟ್ಟು, ಕಾಲೇಜು ಕಟ್ಟಿಸಿ, ಬಸ್ ಪಾಸು ಕೊಟ್ಟು ಕಲಿಸುತ್ತೇನೆ ಎಂದರೆ ನಮ್ಮ ಮಕ್ಕಳಿಗೆ ಜೆರಾಕ್ಸ್ ಪುಟಗಳೇ ಸಾಕಾಗಿವೆ.

ಮೊದಲು ಕಲಿಯುವ ರೀತಿಯನ್ನೇ ನೋಡೋಣ. ಎಲ್‌ಪಿಪಿ ಲೆಕ್ಕ ಮಾಡಿದ ಹುಡುಗನ ನೋಟ್‌ಬುಕ್ ತೆರೆದರೆ ಗ್ರಾಫು ಅಚ್ಚುಕಟ್ಟಾಗಿರುತ್ತದೆ. ಮೂರು ಗೆರೆ, ಒಂದು ಬಣ್ಣ ತುಂಬಿದ ಜಾಗ, ಮೂಲೆಯ ಬಿಂದುಗಳ ಪಟ್ಟಿ, ಕೊನೆಗೆ ಒಂದು ಉತ್ತರ. ಮೂಲೆಗಳನ್ನೇ ಏಕೆ ಪರೀಕ್ಷಿಸಿದೆ, ನಡುವಿನ ಬಿಂದುವನ್ನು ಏಕೆ ನೋಡಲಿಲ್ಲ ಎಂದು ಕೇಳಿ. 'ಸಾರ್ ಹಂಗೇ ಮಾಡ್ಸಿದ್ರು.' ಕುರ್ಚಿ-ಮೇಜಿನ ಲೆಕ್ಕವನ್ನು ಕಬ್ಬು-ಹಿಪ್ಪುನೇರಳೆ ಎಂದು ಬದಲಾಯಿಸಿ ಕೊಡಿ, ಪೆನ್ನು ನಿಂತುಬಿಡುತ್ತದೆ. ಅವನ ಅಪ್ಪ ಪ್ರತಿ ವರ್ಷ ಕೂತು ಯೋಚಿಸುವ ಲೆಕ್ಕವೇ ಅದು. ನಾಲೆ ನೀರಿನ ನಾಲ್ಕು ಎಕರೆ, ಕೈಯಲ್ಲಿ 2 ಲಕ್ಷ ರೂಪಾಯಿ, ಮನೆಯವರೆಲ್ಲ ಸೇರಿ ವರ್ಷಕ್ಕೆ 420 ಆಳಿನ ದುಡಿಮೆ ಎಂದಿಟ್ಟುಕೊಳ್ಳಿ. ಅಂಕಿಗಳು ಪಾಠಕ್ಕಾಗಿ ಕಲ್ಪಿಸಿದವು: ಕಬ್ಬಿಗೆ ಎಕರೆಗೆ 60,000 ಖರ್ಚು, 60 ಆಳು, 70,000 ಲಾಭ, ಹಿಪ್ಪುನೇರಳೆಗೆ ಎಕರೆಗೆ 40,000 ಖರ್ಚು, 150 ಆಳು, 90,000 ಲಾಭ. ಬರೀ ಕಬ್ಬು ಹಾಕಿದರೆ ದುಡ್ಡು ಮೂರೂ ಕಾಲು ಎಕರೆ ದಾಟುತ್ತಿದ್ದಂತೆ ಮುಗಿಯುತ್ತದೆ, ಲಾಭ 2.33 ಲಕ್ಷ. ಬರೀ ಹಿಪ್ಪುನೇರಳೆ ಎಂದರೆ 2.8 ಎಕರೆಗೆ ಆಳು ಮುಗಿಯುತ್ತದೆ, ಲಾಭ 2.52 ಲಕ್ಷ. ಎರಡೆರಡು ಎಕರೆ ಹಾಕಿದರೆ ಭೂಮಿ, ದುಡ್ಡು, ಆಳು ಮೂರೂ ಒಟ್ಟಿಗೆ ಸರಿಹೋಗಿ ಲಾಭ 3.2 ಲಕ್ಷ. ಲಾಭ ಹೆಚ್ಚುತ್ತಾ ಹೋದಂತೆ ಯಾವುದೋ ಒಂದು ಮಿತಿಗೆ ತಾಗುತ್ತೀರಿ, ಅದರ ಗುಂಟ ಸರಿಯುತ್ತಾ ಇನ್ನೊಂದು ಮಿತಿಗೂ ತಾಗುತ್ತೀರಿ. ಅದಕ್ಕೇ ಉತ್ತರ ಮೂಲೆಯಲ್ಲಿ ಸಿಗುತ್ತದೆ. ಮೈಸೂರು ರೇಷ್ಮೆ ಸೀರೆಗೆ ನೂಲು ತೆಗೆಯುವ ಕೆಎಸ್‌ಐಸಿ ಕಾರ್ಖಾನೆ ಇರುವ ಊರು ಟಿ. ನರಸೀಪುರ. ಅಲ್ಲಿನ ಕಾಲೇಜಿನಲ್ಲಿ ಕೂತು ಇಷ್ಟನ್ನು ಮನೆಯ ಹೊಲಕ್ಕೆ ಹೊಂದಿಸಲಾಗದವನು ಆರು ಅಂಕದ ಗ್ರಾಫು ಬರೆದು ಏನು ಕಲಿತ?

ಆದರೂ ಹೊಲದ ಲೆಕ್ಕ ತಪ್ಪಿದರೆ ಒಂದು ಬೆಳೆ ಹೋದೀತು, ಮುಂದಿನ ವರ್ಷ ಸುಧಾರಿಸಬಹುದು. ಬಡ್ಡಿಯ ಲೆಕ್ಕ ಹಾಗಲ್ಲ. ನನ್ನ ಸಿಟ್ಟಿನ ದೊಡ್ಡ ಪಾಲು ಅಲ್ಲಿದೆ.

2025ರ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಹಳ್ಳಿಗಳಿಂದ ಬಂದ ಸುದ್ದಿಯನ್ನು ಯಾರೂ ಮರೆತಿರಲಾರರು. ಮೈಕ್ರೋ ಫೈನಾನ್ಸ್ ಕಂತು ಕಟ್ಟಲಾಗದೆ, ವಸೂಲಿಗೆ ಬಂದವರ ಮಾತು ಕೇಳಲಾಗದೆ, ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳು. ಫೆಬ್ರುವರಿಯ 10ರಿಂದ 12ರವರೆಗೆ ಟಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ಕುಂಭಮೇಳ ನಡೆಯಿತು. ಅದರ ಕೊನೆಯ ದಿನ, 12ರಂದೇ, ಸಾಲಗಾರರನ್ನು ಹಿಂಸಿಸಿ ವಸೂಲಿ ಮಾಡುವುದರ ವಿರುದ್ಧ ರಾಜ್ಯದಲ್ಲಿ ಸುಗ್ರೀವಾಜ್ಞೆ ಹೊರಬಿತ್ತು. ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಕಾನೂನು ಬೇಕಿತ್ತು, ಬಂತು. ಆದರೆ ಬಾಗಿಲಿಗೆ ಬಂದು ಕಿರುಚುವವನನ್ನು ಕಾನೂನು ತಡೆಯಬಹುದು. ಸಹಿ ಹಾಕುವ ಹೊತ್ತಿಗೆ ಪಕ್ಕದಲ್ಲಿ ಕೂತು, ಅವ್ವಾ, ಇದರ ನಿಜವಾದ ಬಡ್ಡಿ ಇಷ್ಟು ಎಂದು ಹೇಳುವ ಕೆಲಸವನ್ನು ಯಾವ ಕಾನೂನೂ ಮಾಡಲಾರದು. ಆ ಕೆಲಸ ಮಾಡಬೇಕಾದವರು ಅದೇ ಮನೆಯ ನಡುಮನೆಯಲ್ಲಿ, ಬಿಸಿನೆಸ್ ಮ್ಯಾಥ್ಸ್ ಪುಸ್ತಕ ಪಕ್ಕಕ್ಕಿಟ್ಟು, ಫೋನು ನೋಡುತ್ತಾ ಕೂತಿದ್ದರು.

ಸಾಲ ತೆಗೆದುಕೊಂಡ ತಾಯಂದಿರನ್ನು ನಾನು ದೂರುವುದಿಲ್ಲ. ಆಸ್ಪತ್ರೆಯ ಖರ್ಚು, ಮಗಳ ಮದುವೆ, ನಿಮ್ಮದೇ ಕಾಲೇಜಿನ ಫೀಜು, ಇವುಗಳಿಗೆ ಕೈಗೆ ಸಿಕ್ಕ ದುಡ್ಡು ಅದು. ಅವರಿಗೆ ಲೆಕ್ಕ ಯಾರೂ ಹೇಳಿಕೊಡಲಿಲ್ಲ. ನಿಮಗೆ ಹೇಳಿಕೊಟ್ಟಿದ್ದಾರೆ. ವ್ಯತ್ಯಾಸ ಅಷ್ಟೇ, ಅದಕ್ಕೇ ಹೊಣೆ ನಿಮ್ಮದು.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ, ಪೆನ್ನು ಹಿಡಿದು ಜೊತೆಗೆ ಬನ್ನಿ. 24,000 ರೂಪಾಯಿ ಸಾಲ, ಒಂದು ವರ್ಷದ ಅವಧಿ. 'ಬಡ್ಡಿ ಬರೀ ನೂರಕ್ಕೆ ಒಂದು ರೂಪಾಯಿ ಕಣಕ್ಕಾ' ಎಂದು ಕೊಡುವವನು ಹೇಳುತ್ತಾನೆ. ತಿಂಗಳಿಗೆ ಶೇ. 1, ವರ್ಷಕ್ಕೆ ಶೇ. 12. ವರ್ಷದ ಬಡ್ಡಿ 2,880. ಅಸಲು ಬಡ್ಡಿ ಸೇರಿ 26,880. ಹನ್ನೆರಡು ಕಂತಿಗೆ ಹಂಚಿದರೆ ತಿಂಗಳಿಗೆ 2,240. ಗೃಹಲಕ್ಷ್ಮಿ ಯೋಜನೆಯ 2,000ಕ್ಕೆ ಇನ್ನು 240 ಸೇರಿಸಿದರೆ ಕಂತು ಆಯಿತು ಎಂದು ಮನೆಯಲ್ಲಿ ಸಮಾಧಾನ. ಇಲ್ಲಿಯವರೆಗೆ ಎಲ್ಲ ಸರಿ ಎನ್ನಿಸುತ್ತದೆ.

ಈಗ ಒಂದೊಂದು ತಿಂಗಳನ್ನೂ ಬಿಡಿಸಿ ನೋಡಿ. ಪ್ರತಿ ಕಂತಿನಲ್ಲಿ 2,000 ಅಸಲಿಗೆ, 240 ಬಡ್ಡಿಗೆ. ಮೊದಲ ತಿಂಗಳು ನಿಮ್ಮ ಹತ್ತಿರ ಪೂರಾ 24,000 ಇತ್ತು, ಅದಕ್ಕೆ 240 ಬಡ್ಡಿ ಎಂದರೆ ಹೇಳಿದಂತೆ ಶೇ. 1. ಎರಡನೇ ತಿಂಗಳು ನಿಮ್ಮ ಹತ್ತಿರ ಉಳಿದದ್ದು 22,000, ಬಡ್ಡಿ ಮಾತ್ರ ಅದೇ 240. ಏಳನೇ ತಿಂಗಳು ಉಳಿದದ್ದು 12,000, ಬಡ್ಡಿ 240, ಅಂದರೆ ಶೇ. 2. ಹನ್ನೆರಡನೇ ತಿಂಗಳು ನಿಮ್ಮ ಹತ್ತಿರ ಉಳಿದ ಸಾಲ 2,000 ರೂಪಾಯಿ, ಕಟ್ಟುವ ಬಡ್ಡಿ 240. ಆ ಒಂದು ತಿಂಗಳಿಗೆ ಶೇ. 12! ತೀರಿಸಿದ ದುಡ್ಡಿಗೂ ಬಡ್ಡಿ ಕಟ್ಟುತ್ತಲೇ ಇದ್ದೀರಿ. 24,000, 22,000, 20,000 ಎಂದು 2,000ದವರೆಗೆ ಕೂಡಿಸಿ. ಒಂದರಿಂದ ಹನ್ನೆರಡರವರೆಗಿನ ಮೊತ್ತ 78, ಅದನ್ನು 2,000ದಿಂದ ಗುಣಿಸಿದರೆ 1,56,000, ಹನ್ನೆರಡರಿಂದ ಭಾಗಿಸಿದರೆ 13,000. ವರ್ಷವಿಡೀ ಸರಾಸರಿ ನಿಮ್ಮ ಕೈಯಲ್ಲಿದ್ದದ್ದು 13,000. ಅದಕ್ಕೆ ಕಟ್ಟಿದ ಬಡ್ಡಿ 2,880. ಅಂದರೆ ಶೇ. 22. ಆನ್ಯುಟಿ, ಅಂದರೆ ಸಮ ಕಂತುಗಳ ಸೂತ್ರದಲ್ಲಿ ಇನ್ನೂ ನಿಖರವಾಗಿ ಹಾಕಿದರೆ ಶೇ. 21.5ರ ಆಸುಪಾಸು ನಿಲ್ಲುತ್ತದೆ. ಇನ್ನು ಫೈಲ್ ಚಾರ್ಜು, ಇನ್ಶೂರೆನ್ಸು ಎಂದು 500 ಹಿಡಿದುಕೊಂಡು ಕೈಗೆ 23,500 ಕೊಟ್ಟರೆ ದರ ಶೇ. 25 ದಾಟಿಹೋಗುತ್ತದೆ. ಬಾಯಲ್ಲಿ ಹೇಳಿದ್ದು ಹನ್ನೆರಡು.

ಈ ಲೆಕ್ಕಕ್ಕೆ ಬೇಕಾದದ್ದೇನು? ಸಮಾಂತರ ಶ್ರೇಢಿಯ ಮೊತ್ತ, ಶೇಕಡಾವಾರು, ಆನ್ಯುಟಿ. ಮೂರೂ ನಿಮ್ಮ ಪುಸ್ತಕದಲ್ಲಿವೆ. ಆನ್ಯುಟಿ ಅಧ್ಯಾಯವನ್ನೇ ನೀವು 'ಸೂತ್ರ ಉದ್ದ ಇದೆ' ಎಂದು ಚಾಯ್ಸಿನಲ್ಲಿ ಬಿಡುತ್ತೀರಿ. ಬೈಕಿನ ಸಾಲ, ಫೋನಿನ ಕಂತು, ಫ್ರಿಜ್ಜಿನ ಕಂತು, ಮುಂದೆ ಮನೆ ಸಾಲ, ನಿಮ್ಮ ಇಡೀ ಬದುಕಿನ ವ್ಯವಹಾರ ಆ ಒಂದು ಅಧ್ಯಾಯದೊಳಗೆ ಕೂತಿದೆ.

ಇನ್ನೊಂದು ವಿಷಯ ಕೇಳಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಮೈಕ್ರೋ ಫೈನಾನ್ಸ್ ಸಾಲ ಎನ್ನಿಸಿಕೊಳ್ಳುತ್ತದೆ. ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರವನ್ನು ಒಂದು ಹಾಳೆಯಲ್ಲಿ ಬರೆದು, ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಅಂದರೆ ಉತ್ತರವನ್ನು ಮುದ್ರಿಸಿ ಕೈಗೆ ಕೊಡಿ ಎಂದು ನಿಯಮವೇ ಹೇಳಿದೆ. ಆ ಹಾಳೆ ನಿಮ್ಮ ಮನೆಯಲ್ಲಿ ಎಲ್ಲಿದೆ? ಗೋಡೆಯ ಗೂಡಿನಲ್ಲಿ ರೇಷನ್ ಕಾರ್ಡಿನ ಜೊತೆ, ಪ್ಲಾಸ್ಟಿಕ್ ಕವರಿನಲ್ಲಿ ಇರಬೇಕು. ಒಂದು ಸಲವಾದರೂ ತೆಗೆದು ಓದಿದ್ದೀರಾ? ಸಾಲಕ್ಕಾಗಿ ಸೇರಿದ ಎಷ್ಟು ಸಂಘದ ಕಂತು ನಡೆಯುತ್ತಿದೆ, ಒಟ್ಟು ಎಷ್ಟು, ಮನೆಯ ಆದಾಯದಲ್ಲಿ ಅದು ಎಷ್ಟನೇ ಪಾಲು ಎಂದು ಕೂತು ಬರೆದಿದ್ದೀರಾ? ಬಿ.ಕಾಂ. ಮೂರನೇ ವರ್ಷದ ಹುಡುಗ ಈ ಪ್ರಶ್ನೆಗೆ ತಲೆ ಕೆರೆದುಕೊಂಡರೆ ಅವನಿಗೆ ನಾಚಿಕೆಯಾಗಬೇಕು.

ಊರಿನ ಕೈಬಡ್ಡಿಯವರ ಬಗ್ಗೆಯೂ ಹೇಳಬೇಕು. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಎಂದರೆ ಕೇಳುವ ಕಿವಿಗೆ ಸಣ್ಣ ಅಂಕಿ. ವರ್ಷಕ್ಕೆ ಅದು 60. ಕಟ್ಟಲಾಗದೆ ಬಡ್ಡಿಗೆ ಬಡ್ಡಿ ಸೇರುತ್ತಾ ಹೋದರೆ ವರ್ಷದ ಕೊನೆಗೆ ನೂರು ರೂಪಾಯಿ ಸುಮಾರು 180 ಆಗಿ ನಿಲ್ಲುತ್ತದೆ. ಚಕ್ರಬಡ್ಡಿ ಸೂತ್ರವನ್ನು ಹೈಸ್ಕೂಲಿನಿಂದ ಉರು ಹೊಡೆದವರು ಈ 180ನ್ನು ಒಂದು ಸಲವೂ ಲೆಕ್ಕ ಹಾಕಿ ನೋಡಿಲ್ಲ.

ಇನ್ನು ನಿಮ್ಮ ಕೈಯಲ್ಲಿರುವ ಫೋನಿನ ವಿಚಾರ. ಐಪಿಎಲ್ ಶುರುವಾದರೆ ಸಂಭವನೀಯತೆಯ ಪಾಠಕ್ಕೆ ಚಕ್ಕರ್ ಹೊಡೆದವರೇ ಬೆಟ್ಟಿಂಗಿನಲ್ಲಿ ಮುಂದು. ಕರ್ನಾಟಕದಲ್ಲಿ ಲಾಟರಿಯನ್ನು 2007ರಲ್ಲಿ ನಿಲ್ಲಿಸಿದರು. 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಆದರೆ ಚಟಕ್ಕೆ ಬಿದ್ದವನಿಗೆ ಇನ್ನೊಂದು ದಾರಿ ಸಿಗುತ್ತದೆ. ಅವನನ್ನು ನಿಲ್ಲಿಸಬಲ್ಲದ್ದು ಪುಸ್ತಕದ ಆ ಒಂದು ಪಾಠ. ಫ್ಯಾಂಟಸಿ ಕ್ರಿಕೆಟಿನ ತಂಡ ಕಟ್ಟಲು ಇಪ್ಪತ್ತೆರಡು ಆಟಗಾರರಲ್ಲಿ ಹನ್ನೊಂದು ಜನರನ್ನು ಆರಿಸುವ ಬಗೆಗಳು ಎಷ್ಟು? 7,05,432. ಅದರಲ್ಲಿ ಒಬ್ಬ ಕ್ಯಾಪ್ಟನ್, ಒಬ್ಬ ವೈಸ್ ಕ್ಯಾಪ್ಟನ್ ಎಂದರೆ 110ರಿಂದ ಗುಣಿಸಬೇಕು. ಏಳೂಮುಕ್ಕಾಲು ಕೋಟಿ. ಒಂದು ತಂಡದಿಂದ ಇಷ್ಟೇ ಜನ ಎಂಬಂಥ ನಿಯಮಗಳು ಇದನ್ನು ತುಸು ಇಳಿಸುತ್ತವೆ, ಅಷ್ಟೇ. ನೀವು 'ಪಿಚ್ ನೋಡಿ ಆರಿಸಿದೆ' ಎನ್ನುವ ತಂಡ ಇಷ್ಟರಲ್ಲಿ ಒಂದು.

ಸತತ ಐದು ಸಲ ಸೋತೆ, ಆರನೇ ಸಲ ಬಂದೇ ಬರುತ್ತದೆ ಎಂದು ಸ್ನೇಹಿತನ ಹತ್ತಿರ ಕೈಸಾಲ ಕೇಳುವವರು ಸ್ವತಂತ್ರ ಘಟನೆಗಳ ಪಾಠದ ದಿನ ಎಲ್ಲಿದ್ದರು? ನಾಣ್ಯಕ್ಕೆ ನೆನಪಿಲ್ಲ. ಆರನೇ ಸಲವೂ ಅರ್ಧಕ್ಕರ್ಧವೇ. ಸಮನಾದ ಪಂದ್ಯದಲ್ಲಿ ನೂರು ಕಟ್ಟಿ, ಗೆದ್ದರೆ 180 ಕೊಡುತ್ತೇನೆ ಎಂದವನ ಹತ್ತಿರ ಆಡಿದರೆ ನಿರೀಕ್ಷಿತ ಮೌಲ್ಯ 90. ಒಂದೊಂದು ಆಟಕ್ಕೂ ಸರಾಸರಿ ಹತ್ತು ರೂಪಾಯಿ ಅವನ ಜೇಬಿಗೆ. ಅವನು ಕ್ರಿಕೆಟ್ ತಿಳಿದವನಾಗಿರಬೇಕಿಲ್ಲ. ಗುಣಾಕಾರ ತಿಳಿದಿದ್ದರೆ ಸಾಕು. ಲೆಕ್ಕ ಬಿಟ್ಟವನು ಲೆಕ್ಕ ಬಲ್ಲವನಿಗೆ ದುಡ್ಡು ಕೊಡುವ ಏರ್ಪಾಡು ಅದು.

ಹನ್ನೊಂದು ಜನರನ್ನು ಆರಿಸುವ ಬಗೆಗಳನ್ನು ಎಣಿಸಿಕೊಟ್ಟ ಎನ್‌ಸಿಆರ್ ಸೂತ್ರ ಯಾವುದೋ ಪರದೇಶದ್ದು ಎಂದು ತಿಳಿದವರೇ ಬಹಳ. ವಿಕಲ್ಪಗಳನ್ನು ಎಣಿಸುವ ಸಾಮಾನ್ಯ ಸೂತ್ರವನ್ನು ಕೊಟ್ಟವನು 9ನೇ ಶತಮಾನದ ಮಹಾವೀರಾಚಾರ್ಯ, ರಾಷ್ಟ್ರಕೂಟರ ಅಮೋಘವರ್ಷನ ಕಾಲದವನು, 'ಗಣಿತಸಾರಸಂಗ್ರಹ' ಬರೆದವನು. ವಜ್ರ, ನೀಲ, ಪಚ್ಚೆ, ಹವಳ, ಮುತ್ತುಗಳಲ್ಲಿ ಎಷ್ಟು ಬಗೆಯ ಹಾರ ಕಟ್ಟಬಹುದು, ಆರು ರುಚಿಗಳಲ್ಲಿ ಎಷ್ಟು ಬಗೆಯ ಬೆರಕೆ ಮಾಡಬಹುದು ಎಂದು ಲೆಕ್ಕ ಕೊಟ್ಟವನು. ಆರು ರುಚಿಗೆ 63 ಬಗೆ. ಈ ನೆಲದಲ್ಲಿ ಹುಟ್ಟಿದ ವಿದ್ಯೆ ಎಂದು ಭಾಷಣದಲ್ಲಿ ಹೆಮ್ಮೆಪಡುವವರು ಈ 63 ಹೇಗೆ ಬಂತು ಎಂದು ಒಂದು ಹಾಳೆಯಲ್ಲಿ ಬರೆದು ತೋರಿಸಲಿ.

ವಿದ್ಯಾರ್ಥಿಗಳನ್ನಷ್ಟೇ ಬಯ್ದರೆ ನ್ಯಾಯವಾಗುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಬೋರ್ಡಿನ ಮೇಲೆ ಇಂಪಾರ್ಟೆಂಟ್ ಪ್ರಶ್ನೆಗಳ ಪಟ್ಟಿ ಬರೆಯುವ ಮೇಷ್ಟ್ರೇ, ಪಾಸಿಂಗ್ ಪ್ಯಾಕೇಜಿನ ಮೂಲಪ್ರತಿ ನಿಮ್ಮ ಕೈಬರಹದಲ್ಲಿರುತ್ತದೆ. ಅತಿಥಿ ಉಪನ್ಯಾಸಕರ ನೇಮಕ ತಡವಾಗಿ ಅರ್ಧ ಸೆಮಿಸ್ಟರು ಕಳೆದ ಮೇಲೆ ತರಗತಿ ಸಿಗುತ್ತದೆ, ಸಂಬಳ ತಿಂಗಳುಗಟ್ಟಲೆ ಬರುವುದಿಲ್ಲ, ಇದೆಲ್ಲ ನಿಜ. ಆ ಜಗಳವನ್ನು ಸರ್ಕಾರದ ಜೊತೆ ಆಡಿ, ನಾನೂ ನಿಮ್ಮ ಪರ. ಆದರೆ ಸಿಕ್ಕ ತರಗತಿಯಲ್ಲಿ ಪುಸ್ತಕದ ಲೆಕ್ಕವನ್ನು ಬೋರ್ಡಿಗಿಳಿಸಿ, ಬೋರ್ಡಿನಿಂದ ನೋಟ್‌ಬುಕ್ಕಿಗಿಳಿಸಿ, ಪ್ರಶ್ನೆ ಕೇಳಿದ ಹುಡುಗಿಗೆ 'ಅದು ಎಕ್ಸಾಮಿಗೆ ಬರಲ್ಲಮ್ಮ, ಕೂತ್ಕೊ' ಎನ್ನುವುದಕ್ಕೆ ಯಾವ ಸರ್ಕಾರವೂ ಕಾರಣವಲ್ಲ. ಏಕೆ ಎಂದು ಕೇಳಿದ ಒಬ್ಬಳನ್ನು ಕೂರಿಸಿದರೆ ಕೇಳಬೇಕೆಂದಿದ್ದ ಉಳಿದವರೂ ಬಾಯಿ ಮುಚ್ಚುತ್ತಾರೆ. ಇಂಟರ್ನಲ್ಸ್ ಅಂಕವನ್ನು ಎಲ್ಲರಿಗೂ ತುಂಬಿ ಕೊಡುವುದು ದಯೆ ಎಂದು ನೀವು ತಿಳಿದಿದ್ದೀರಿ. ನಿಮಗೆ ರಿಸಲ್ಟಿನ ಶೇಕಡಾವಾರು ಬೇಕು, ಪ್ರಿನ್ಸಿಪಾಲರಿಗೂ ಅದೇ ಬೇಕು. ಆ ಶೇಕಡಾವಾರು ಹಿಡಿದುಕೊಂಡು ಹೋದವನು ಬ್ಯಾಂಕಿನ ಪರೀಕ್ಷೆಯಲ್ಲಿ, ಕೆಪಿಎಸ್‌ಸಿಯ ಪ್ರಿಲಿಮ್ಸಿನಲ್ಲಿ, ಅದೇ ಶೇಕಡಾವಾರು, ಬಡ್ಡಿ, ಸಂಭವನೀಯತೆಯ ಮುಂದೆ ಕೂತು ವರ್ಷಗಳನ್ನು ಕಳೆಯುತ್ತಾನೆ. ಮೈಸೂರಿನ ಕೋಚಿಂಗಿಗೆ ಮತ್ತೆ ಸಾವಿರಾರು ರೂಪಾಯಿ. ಅದಕ್ಕೂ ಸಂಘದ ಸಾಲ.

ತಂದೆತಾಯಿಯರಿಗೂ ಒಂದು ಮಾತಿದೆ. 'ನಮ್ಮ ಹುಡುಗಂಗೆ ಲೆಕ್ಕ ತಲೆಗೆ ಹತ್ತಲ್ಲ' ಎಂದು ಅವನ ಎದುರಿಗೇ, ನೆಂಟರ ಮುಂದೆ ಹೇಳುತ್ತೀರಿ. ಅವನು ಅದನ್ನು ಜಾತಕದಂತೆ ನಂಬುತ್ತಾನೆ. ಹುಡುಗಿಯಾದರೆ ಇನ್ನೂ ಕಷ್ಟ. ಡಿಗ್ರಿ ಒಂದು ಇದ್ದರೆ ಸಾಕು, ಮದುವೆ ಮಾಡುತ್ತೇವೆ ಎಂದುಬಿಡುತ್ತೀರಿ. ಮದುವೆಯಾದ ಮೇಲೆ ಸಂಘಕ್ಕೆ ಸೇರುವವಳು, ಕಂತಿಗೆ ಸಹಿ ಹಾಕುವವಳು, ಇನ್ನೊಬ್ಬಳು ಕಟ್ಟದಿದ್ದಾಗ ಅವಳ ಪಾಲಿಗೂ ಉತ್ತರ ಹೇಳುವವಳು ಅವಳೇ. ಈ ಗಣಿತ ಯಾರಿಗಾದರೂ ತುರ್ತಾಗಿ ಬೇಕಿದ್ದರೆ ಅವಳಿಗೆ ಬೇಕು.

ಇಂಗ್ಲಿಷ್ ಕಷ್ಟ ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಪ್ರಶ್ನೆಯ ವಾಕ್ಯವೇ ಗೋಡೆಯಾಗುತ್ತದೆ. ಆದರೆ ಈ ವಿಷಯಕ್ಕೆ ಬೇಕಾದ ಇಂಗ್ಲಿಷು ಕೆಲವೇ ಪುಟದಷ್ಟು. ಅಟ್ ಲೀಸ್ಟ್, ಅಟ್ ಮೋಸ್ಟ್, ವಿತೌಟ್ ರಿಪ್ಲೇಸ್‌ಮೆಂಟ್ ಎಂಬಂಥ ಒಂದಷ್ಟು ಮಾತು. ಒಂದು ವಾರ ಕೂತರೆ ಬರುತ್ತದೆ. ರೀಲ್ಸಿನ ಇಂಗ್ಲಿಷು ಅರ್ಥವಾಗುವವನಿಗೆ ಅಟ್ ಲೀಸ್ಟ್ ಅರ್ಥವಾಗುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಫೋನಿನಲ್ಲಿ ಕ್ಯಾಲ್ಕುಲೇಟರ್ ಇದೆ, ಇಎಂಐ ಲೆಕ್ಕ ಹಾಕುವ ಆ್ಯಪ್ ಇದೆ, ನಾನೇಕೆ ಕಲಿಯಬೇಕು ಎನ್ನುವವರೂ ಇದ್ದಾರೆ. ಆ್ಯಪಿಗೆ ಫ್ಲ್ಯಾಟ್ ದರ ತುಂಬಿದಿರೋ, ಉಳಿದ ಅಸಲಿನ ಮೇಲಿನ ದರ ತುಂಬಿದಿರೋ ಎಂದು ತಿಳಿಯದವನಿಗೆ ಆ್ಯಪು ತಪ್ಪು ಉತ್ತರವನ್ನು ಪೈಸೆ ಸಮೇತ ಕೊಡುತ್ತದೆ. ಫ್ಯಾಕ್ಟರಿ ಕೆಲಸಕ್ಕೆ ಇದೆಲ್ಲ ಏಕೆ ಎನ್ನುವವರು ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಮೊದಲ ತಿಂಗಳ ಸಂಬಳದ ಸ್ಲಿಪ್ ಕೈಗೆ ಬಂದಾಗ ಪಿಎಫ್‌ಗೆ ಶೇ. 12, ಇಎಸ್‌ಐಗೆ ಶೇ. 0.75 ಯಾವ ಮೊತ್ತದ ಮೇಲೆ ಹಿಡಿದರು ಎಂದು ಕಂಟ್ರಾಕ್ಟರನ್ನು ಕೇಳಲು ಬಾಯಿ ಬರದೆ ನಿಲ್ಲುತ್ತಾರೆ.

ಟಿ. ನರಸೀಪುರದ ದೇವರು ಗುಂಜಾ ನರಸಿಂಹ. ಕೈಬೆರಳಲ್ಲಿ ಗುಲಗಂಜಿ ಹಿಡಿದ ಸ್ವಾಮಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಹಿರಿಯರ ನಂಬಿಕೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಬೀಜ ಅದು. ಅಷ್ಟು ಸಣ್ಣ ತೂಕಕ್ಕೂ ಬೆಲೆ ಕೊಟ್ಟ ಊರಿನ ಮಕ್ಕಳು ಅರ್ಧ ಪರ್ಸೆಂಟ್ ತಾನೇ, ಬಿಡಿ ಸಾರ್ ಎನ್ನುತ್ತಾರೆ. 20 ಲಕ್ಷದ ಮನೆ ಸಾಲ, 20 ವರ್ಷ. ಶೇ. 8.5 ದರದಲ್ಲಿ ಕಂತು ಸುಮಾರು 17,356. ಶೇ. 9ರಲ್ಲಿ 17,995. ತಿಂಗಳಿಗೆ 640 ರೂಪಾಯಿಯಷ್ಟು ವ್ಯತ್ಯಾಸ. 240 ತಿಂಗಳಿಗೆ ಒಂದೂವರೆ ಲಕ್ಷ ದಾಟುತ್ತದೆ. ಆ ಅರ್ಧ ಪರ್ಸೆಂಟಿಗೆ ಬ್ಯಾಂಕಿನ ಮ್ಯಾನೇಜರ ಎದುರು ಕೂತು ಮಾತಾಡಬೇಕಾದವರು ನೀವು.

ಆದ್ದರಿಂದ ಈ ಸೆಮಿಸ್ಟರಿನಲ್ಲಿ ಇಷ್ಟು ಮಾಡಿ. ಜೆರಾಕ್ಸ್ ಅಂಗಡಿಗೆ ಕೊಡುವ ದುಡ್ಡಿನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ದಿನಕ್ಕೆ ಎರಡು ಲೆಕ್ಕ, ಪ್ರತಿ ಹೆಜ್ಜೆಯ ಪಕ್ಕದಲ್ಲಿ ಏಕೆ ಎಂದು ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ಬರೆಯಲಾಗದಿದ್ದರೆ ಅದು ನಿಮಗೆ ಬಂದಿಲ್ಲ ಎಂದೇ ಅರ್ಥ, ಉತ್ತರ ಹೊಂದಿಕೆಯಾದರೂ ಸರಿ. ಮೇಷ್ಟ್ರು ಇಂಟರ್ನಲ್ಸ್‌ಗೆ ಎರವಲು ಅಸೈನ್‌ಮೆಂಟ್ ನಕಲು ಮಾಡಿಸುವುದನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೊಡಲಿ: ನಿಮ್ಮ ಮನೆಯ ಅಥವಾ ಬೀದಿಯ ಒಂದು ಸಾಲದ ಕಾರ್ಡನ್ನು, ಸಾಲ ಪಡೆದವರ ಒಪ್ಪಿಗೆ ಕೇಳಿ, ಹೆಸರು ಮರೆಮಾಡಿ ತನ್ನಿ. ಕೈಗೆ ಸಿಕ್ಕ ಮೊತ್ತ, ಕಂತು, ಕಂತುಗಳ ಸಂಖ್ಯೆ ಬರೆಯಿರಿ. ತಿಂಗಳು ತಿಂಗಳಿಗೂ ಉಳಿದ ಅಸಲಿನ ಪಟ್ಟಿ ಮಾಡಿ. ನಿಜವಾದ ವಾರ್ಷಿಕ ದರ ಕಂಡುಹಿಡಿಯಿರಿ, ಕಾರ್ಡಿನಲ್ಲಿ ಬರೆದ ದರದ ಪಕ್ಕದಲ್ಲಿಡಿ. ಆ ಮೇಲೆ ಅದನ್ನು ಸಾಲ ಪಡೆದವರಿಗೇ ಓದಿ ಹೇಳಿ. ಅವರಿಗೆ ತಿಳಿಯಿತು ಎಂದಾದರೆ ಪೂರ್ಣ ಅಂಕ. ಇಷ್ಟು ಮಾಡಲು ಮನಸ್ಸಿಲ್ಲದವರಿಗೆ ಗ್ರೇಸ್ ಮಾರ್ಕ್ಸ್ ಕೊಟ್ಟು ದಾಟಿಸಬೇಡಿ. ಅವರು ಮುಂದಿನ ವರ್ಷ ಮತ್ತೆ ಪೇಪರು ಕಟ್ಟಲಿ.